ಕಾಕಂಬಿ ಬಣ್ಣದ ಜರ್ಸಿ

ನಮ್ಮ ಭಾನುವಾರದ ಫುಟ್‌ಬಾಲ್ ತಂಡಕ್ಕೆ ನಾನು ಕ್ಯಾಪ್ಟನ್. ಹೆಂಗಸರು ಗಂಡಸರು ಕೂಡಿ ಆಡುವ ಲೀಗು ಅದು. ಮೈದಾನದ ನಟ್ಟನಡುವೆ ನನ್ನ ಜಾಗ. ನಲವತ್ತು ದಾಟಿದ ಮೇಲೂ ಆ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ, ಬಿಡುವ ಯೋಚನೆಯೂ ಸದ್ಯಕ್ಕಿಲ್ಲ.

ನಾನು ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನ್ ಪಕ್ಕದಲ್ಲಿ. ಅಲ್ಲಿ ಕ್ರಿಕೆಟ್ಟಿಗಿಂತ ಫುಟ್‌ಬಾಲಿನ ಹುಚ್ಚು ಹೆಚ್ಚು. ವರ್ಲ್ಡ್ ಕಪ್ ಬಂತೆಂದರೆ ಅಕ್ಕಪಕ್ಕದ ಬೀದಿಗಳ ಗೋಡೆ, ಗೇಟು, ಆಟೋ ಎಲ್ಲವೂ ಹಳದಿ-ಹಸಿರು. ಒಂದು ಸಲ ನಮ್ಮ ಎದುರುಮನೆಯ ನಾಯಿಗೂ ಹಳದಿ ಕೊರಳಪಟ್ಟಿ ಹಾಕಿದ್ದರು. ಬ್ರೆಜಿಲ್ ಸೋತರೆ ಮಾರನೆಯ ದಿನ ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಣ್ಣನ ಗೆಳೆಯರ ಜೊತೆ ಕಾಲಲ್ಲಿ ಶೂ ಇಲ್ಲದೆ ಆಡಿ ಕಲಿತವಳು ನಾನು. ಹಾಗಾಗಿ ಬ್ರೆಜಿಲ್ ಅಂದರೆ ನನಗೆ ಚೆನ್ನಾಗಿ ಗೊತ್ತಿರುವ ದೇಶ ಎಂದೇ ತಿಳಿದಿದ್ದೆ. ಹಳದಿ ಬಣ್ಣ, ಸಾಂಬಾ, ಗೋಲಿನ ಮೇಲೆ ಗೋಲು. ಆ ದೇಶದ ನಿಜವಾದ ಫುಟ್‌ಬಾಲ್ ಬೇರೆಯೇ ಇದೆ ಎಂದು ನನಗೆ ತಿಳಿದದ್ದು ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನಲ್ಲಿ, ಒಬ್ಬ ಗೋಲ್‌ಕೀಪರಿನಿಂದ.

ನಮ್ಮ ಆಫೀಸಿಗೆ ಬ್ರೆಜಿಲಿನಿಂದ ಒಬ್ಬ ಹೊಸಬ ಬಂದಿದ್ದಾನೆ ಎಂದು ಕೇಳಿದ ದಿನವೇ ಅವನ ಡೆಸ್ಕಿನ ಮುಂದೆ ಹೋಗಿ ನಿಂತೆ. ಮೂವತ್ತರ ಆಸುಪಾಸಿನ ವಯಸ್ಸು, ಉದ್ದನೆಯ ಕೈಗಳು, ಮೈಗಿಂತ ದೊಡ್ಡ ಸ್ವೆಟರ್. ನಮ್ಮ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಫುಟ್‌ಬಾಲ್ ಆಡ್ತೀಯಾ?" ಎಂದೆ.

"ಆಡ್ತೀನಿ."

"ಫಾರ್ವರ್ಡಾ?"

"ಗೋಲ್‌ಕೀಪರ್." ನನ್ನ ಮುಖ ನೋಡಿ ಸೇರಿಸಿದ, "ಅದೂ ಅಷ್ಟೇನೂ ಚೆನ್ನಾಗಿ ಆಡಲ್ಲ. ಮೊದಲೇ ಹೇಳಿಬಿಡ್ತೀನಿ."

ನಮಗೆ ಬೇಕಾಗಿದ್ದದ್ದೂ ಗೋಲ್‌ಕೀಪರೇ. ಹಿಂದಿನವನು ದೂರದ ಮಿಲ್ ಕ್ರೀಕ್‌ನಲ್ಲಿ ಮನೆ ತಗೊಂಡು, ವಾರವೆಲ್ಲ ಟ್ರಾಫಿಕ್ಕಿನಲ್ಲಿ ಕೂತು ಸಾಕಾಗಿದೆ, ಭಾನುವಾರವೂ ಡ್ರೈವ್ ಮಾಡಲಾರೆ ಎಂದು ಬಿಟ್ಟುಹೋಗಿದ್ದ. ಹೊಸಬ ಆ ವಾರವೇ ಬಂದು ಗೋಲಿನ ಮುಂದೆ ನಿಂತ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಎತ್ತರದ ಚೆಂಡನ್ನು ಹಿಡಿಯುತ್ತಿದ್ದ, ನೆಲ ಹಿಡಿದು ಬಂದದ್ದನ್ನು ಬಿಡುತ್ತಿದ್ದ. ಆದರೆ ಆಟ ಶುರುವಾದಾಗಿನಿಂದ ಮುಗಿಯುವವರೆಗೂ ನಮ್ಮೊಬ್ಬೊಬ್ಬರ ಹೆಸರು ಹಿಡಿದು ಕೂಗಿ, ಯಾರೂ ತೂಕಡಿಸದಂತೆ ನೋಡಿಕೊಳ್ಳುತ್ತಿದ್ದ. ಇಂಥ ಗೋಲ್‌ಕೀಪರ್ ಸಿಕ್ಕರೆ ಕ್ಯಾಪ್ಟನ್ನಿನ ಅರ್ಧ ಕೆಲಸ ಕಡಿಮೆ.

ನಮ್ಮ ತಂಡದಲ್ಲಿ ಮಂಡ್ಯದವನೊಬ್ಬನಿದ್ದಾನೆ. ಹತ್ತಿರದ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ಮನೆ, ಎಡಗಡೆಯ ಡಿಫೆಂಡರ್, ನನಗಿಂತ ಏಳೆಂಟು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಾನೆ. ಗೋಲ್‌ಕೀಪರಿಗೆ ಇಲ್ಲಿನವರು 'ಗೋಲಿ' ಎನ್ನುವುದನ್ನು ಕೇಳಿ ಅವನಿಗೆ ಎಲ್ಲಿಲ್ಲದ ಖುಷಿ. ಗೋಲಿ ಎಂದರೆ ನಮ್ಮಲ್ಲಿ ಗಾಜಿನ ಗುಂಡು, ಮಕ್ಕಳು ಆಡುವುದು ಎಂದು ಹೊಸಬನಿಗೆ ವಿವರಿಸಿಯೂ ಹೇಳಿದ. ಹೊಸಬನೂ ಆ ಹೆಸರನ್ನೇ ಒಪ್ಪಿಕೊಂಡ. ಆಮೇಲೆ ನಮಗೆಲ್ಲ ಅವನು ಗೋಲಿಯೇ.

ಆ ವರ್ಷ ನಮ್ಮ ಹಳೆಯ ಜರ್ಸಿಗಳು ಒಗೆದೂ ಒಗೆದೂ ಯಾವ ಬಣ್ಣ ಎಂದು ಹೇಳಲಾಗದಂತಾಗಿದ್ದವು. ಹೊಸದಕ್ಕೆ ಬಣ್ಣ ಆರಿಸಲು ಕ್ರಾಸ್‌ರೋಡ್ಸ್ ಮಾಲಿನ ಫುಡ್ ಕೋರ್ಟಿನಲ್ಲಿ ಸೇರಿದೆವು. ಪಕ್ಕದಲ್ಲಿ ನೆಲದ ಮೇಲಿನ ದೊಡ್ಡ ಚೆಸ್ ಹಾಸಿನಲ್ಲಿ ಇಬ್ಬರು ಮುದುಕರು ಮೊಣಕಾಲೆತ್ತರದ ಕಾಯಿಗಳನ್ನು ತಬ್ಬಿಕೊಂಡು ಸರಿಸುತ್ತಿದ್ದರು. ನಮ್ಮ ಫಾರ್ವರ್ಡ್ ಹೈದರಾಬಾದಿನ ಹುಡುಗಿ. ಯುರೋಪಿನ ಪ್ರಖ್ಯಾತ ಕ್ಲಬ್ಬೊಂದರ ಕೆಂಪು ಜರ್ಸಿ ಆಗಬೇಕೆಂದು ಹಟ ಹಿಡಿದಿದ್ದಳು. ನಾನು ಹಳದಿಗೆ. ಪಕ್ಕದಲ್ಲೇ ಒಬ್ಬ ಬ್ರೆಜಿಲಿಯನ್ ಕೂತಿರುವಾಗ ಬೇರೆ ಮಾತೇ ಬೇಡ ಎಂದು ನನ್ನ ವಾದ.

ಗೋಲಿ ತಟ್ಟೆ ಪಕ್ಕಕ್ಕೆ ಸರಿಸಿ, "ಹಳದಿ ಜರ್ಸಿ ಇಡೀ ಪ್ರಪಂಚದ್ದು. ನನಗೆ ನನ್ನದೇ ಒಂದು ಕ್ಲಬ್ ಇದೆ," ಎಂದ. ಫೋನಿನಲ್ಲಿ ಒಂದು ಫೋಟೋ ತೆಗೆದು ಮೇಜಿನ ಮಧ್ಯೆ ಇಟ್ಟ. ಕಂದು ಬಣ್ಣದ ಜರ್ಸಿ, ಎದೆಯ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ.

ಎಲ್ಲರೂ ಫೋನಿನ ಮೇಲೆ ಬಗ್ಗಿದರು. ಕಡೆಗೆ ಹೈದರಾಬಾದಿನ ಹುಡುಗಿ, "ಚಾಕೊಲೇಟ್ ಕಂಪನಿದಾ?" ಎಂದು ಕೇಳಿದಳು.

"ಸಕ್ಕರೆ ಕಾರ್ಖಾನೆಯದು," ಎಂದು ಗೋಲಿ ಹೇಳಲು ಶುರುಮಾಡಿದ.

ಸಾವೊ ಪೌಲೊ ರಾಜ್ಯದ ಒಳನಾಡಿನಲ್ಲಿ, ಅದರ ರಾಜಧಾನಿ ಸಾವೊ ಪೌಲೊ ನಗರದಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿ ಅವನ ಊರು. ಸುತ್ತ ಕಣ್ಣು ಹಾಯುವಷ್ಟು ದೂರ ಕಬ್ಬು. ಅವನ ಮುತ್ತಜ್ಜನ ಕಾಲದಲ್ಲಿ ಕಾರ್ಖಾನೆಯ ಸಾಹೇಬರಿಗೆ ಹುಲ್ಲು ಬೆಳೆಸಿದ ಮೈದಾನವಿತ್ತು. ಕೆಲಸಗಾರರು ಅದರೊಳಗೆ ಕಾಲಿಡುವಂತಿರಲಿಲ್ಲ. ಬೇಲಿಯಾಚೆ ನಿಂತು ನೋಡಿ ನೋಡಿ ಆಟ ಕಲಿತ ಕೆಲಸಗಾರರು, ಬೀಳುಬಿದ್ದ ಒಂದು ಕಬ್ಬಿನ ಗದ್ದೆಯನ್ನು ಮಟ್ಟ ಮಾಡಿ ತಮ್ಮದೇ ಮೈದಾನ ಮಾಡಿಕೊಂಡರು. ಕಬ್ಬು ಅರೆಯುವ ಕಾಲದಲ್ಲಿ ಬಿಡುವಿಲ್ಲ. ಅರೆಯುವುದು ಮುಗಿದು ಕಾರ್ಖಾನೆ ನಿಂತಾಗ ಅವರ ಆಟ ಶುರು. ಕಂದು ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ದ್ರವದ ಬಣ್ಣ, ಬಿಳಿ ಎಂದರೆ ಸಕ್ಕರೆ. ಕೆಲವೇ ವರ್ಷಗಳಲ್ಲಿ ಸಾಹೇಬರ ತಂಡವನ್ನು ಅವರದೇ ಹುಲ್ಲಿನ ಮೇಲೆ ಸೋಲಿಸಿದರು. ಸಾಹೇಬರ ತಂಡ ಆಮೇಲೆ ಮುಚ್ಚಿಹೋಯಿತು. ಇವರದು ಉಳಿಯಿತು.

ಮಂಡ್ಯದವನು ಅಷ್ಟು ಹೊತ್ತಿಗೆ ಕುರ್ಚಿಯ ತುದಿಗೆ ಬಂದಿದ್ದ. "ಅಕ್ಕಾ, ಇದು ಕಾಕಂಬಿ ಕಲರು ಕಣಕ್ಕಾ!" ಎಂದ. "ನಮ್ಮೂರ್ ಫ್ಯಾಕ್ಟ್ರಿ ತಾವ ಹೋದ್ರೆ ಇದೇ ವಾಸ್ನೆ ಮೂಗಿಗೆ ಹೊಡೀತದೆ. ಬಟ್ಟೆಗೆಲ್ಲಾ ಹತ್ಕತದೆ. ನಮ್ಮಪ್ಪ ಗಾಡಿ ಹೂಡ್ಕಂಡು ಕಬ್ಬು ಹೊಡೀತಿದ್ದದ್ದು ಅಲ್ಗೇಯ. ಬೇರೆ ಯಾವ ಕಲರೂ ಬ್ಯಾಡ, ಬುಡಿ ಅತ್ಲಾಗೆ. ಇದೇ ಆಗ್ಲಿ."

"ಸೆಗಣಿ ಬಣ್ಣ ಅಂತ ನಗಲ್ವಾ ಜನ?" ಎಂದು ನನ್ನ ಗಂಡ. ಅವನು ಆಡುವುದಿಲ್ಲ, ಊಟಕ್ಕೆ ಮಾತ್ರ ಬಂದಿದ್ದ.

"ನಗೋರು ನಗ್ಲಿ. ಗೋಲ್ ಹೊಡುದ್ಮೇಲೆ ನಾವ್ ನಗನ."

ಕೈ ಎತ್ತಿಸಿದೆ. ಹಳದಿಯ ಪರವಾಗಿ ಎತ್ತಬೇಕಿದ್ದ ನನ್ನ ಕೈಯೇ ಕಂದು ಬಣ್ಣಕ್ಕೆ ಮೇಲೆದ್ದಿತು. ಬೇಲಿಯಾಚೆ ನಿಂತು ಆಟ ಕಲಿತವರ ಕಥೆ ನನಗೆ ಹೊಸದಾಗಿರಲಿಲ್ಲ. ಹುಡುಗಿಯರಿಗೆ ಇಲ್ಲಿ ಜಾಗವಿಲ್ಲ ಎಂದು ಅಣ್ಣನ ಗೆಳೆಯರು ನನ್ನನ್ನೂ ಮೊದಮೊದಲು ವರ್ಷಗಟ್ಟಲೆ ಗೋಲ್‌ಪೋಸ್ಟಿನ ಹಿಂದೆ ನಿಲ್ಲಿಸಿ ಚೆಂಡು ಹೆಕ್ಕಿಸಿದ್ದರು.

ಗೋಲಿಯ ಹೆಂಡತಿ ಊರಿಗೆ ಹೋಗಿದ್ದವಳು ಬರುವಾಗ ಕ್ಲಬ್ಬಿನ ಅಂಗಡಿಯಿಂದಲೇ ಜರ್ಸಿಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಳು. ಅಲ್ಲಿನ ಅಳತೆಯೇ ಬೇರೆ. ದಿನವಿಡೀ ಕೂತು ಕೆಲಸ ಮಾಡುವ ನಮ್ಮ ಹೊಟ್ಟೆಗಳ ಮೇಲೆ ಬಿಳಿ ಪಟ್ಟೆಗಳು ಸೊಟ್ಟಗಾದವು. ಆದರೂ ಮೊದಲ ಸಲ ಹಾಕಿಕೊಂಡು ಸಾಲಾಗಿ ನಿಂತಾಗ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾವೊಂದು ತಂಡದಂತೆ ಕಂಡೆವು.

ಆ ಜರ್ಸಿಯಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಎದುರಾಳಿ ತಂಡದಲ್ಲಿ ಇನ್ನೊಬ್ಬ ಬ್ರೆಜಿಲಿಯನ್ ಇದ್ದ. ಸಾವೊ ಪೌಲೊ ನಗರದವನು, ಅಲ್ಲಿನ ದೊಡ್ಡ ಕ್ಲಬ್ಬೊಂದರ ಅಭಿಮಾನಿ. ಜಿನುಗು ಮಳೆಯಲ್ಲಿ ಒದ್ದೆಯಾಗುತ್ತಾ ಎರಡೂ ತಂಡ ಕೈಕುಲುಕುವಾಗ ಅವನು ನಮ್ಮ ಎದೆಯ ಮೇಲಿನ ಲಾಂಛನ ನೋಡಿ ನಿಂತುಬಿಟ್ಟ. ಆಮೇಲೆ ಜೋರಾಗಿ ನಕ್ಕು ಗೋಲಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ಗೋಲಿ ಒಂದೇ ಮಾತಿನಲ್ಲಿ ಉತ್ತರಿಸಿ ಗೋಲಿನ ಕಡೆ ನಡೆದ.

ಪಂದ್ಯ ಮುಗಿದ ಮೇಲೆ, "ಏನಂದ ಅವನು?" ಎಂದು ಕೇಳಿದೆ.

"ಈ ಕ್ಲಬ್ ಇನ್ನೂ ಬದುಕಿದೆಯಾ ಅಂದ."

"ನೀನೇನಂದೆ?"

"ಭಾನುವಾರ ನಾಲ್ಕು ಗಂಟೆಗೆ ಮ್ಯಾಚ್ ಇದೆ, ಬಂದು ನೋಡು ಅಂದೆ."

ನನಗೆ ಆ ಉತ್ತರ ಬಹಳ ಹಿಡಿಸಿತು. ಆದರೂ ಕಾರಿನ ಹತ್ತಿರ ನಿಂತು ಕೇಳಿಯೇಬಿಟ್ಟೆ, ನಿನ್ನ ಕ್ಲಬ್ಬಿನ ಸ್ಥಾನಮಾನ ನಿಜಕ್ಕೂ ಏನು ಎಂದು. ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಬ್ರೆಜಿಲಿನಲ್ಲಿ ಇಡೀ ದೇಶದ ಲೀಗಿಗೆ ನಾಲ್ಕು ಮೆಟ್ಟಿಲು. ಅವನ ಕ್ಲಬ್ ಆ ನಾಲ್ಕರಲ್ಲಿ ಎಲ್ಲೂ ಇಲ್ಲ. ಅದಲ್ಲದೆ ಪ್ರತಿ ರಾಜ್ಯಕ್ಕೂ ಅದರದೇ ಲೀಗು. ಆ ರಾಜ್ಯದ ಲೀಗಿನಲ್ಲೂ ಅವನದು ಎರಡನೆಯ ದರ್ಜೆ. ವರ್ಷದ ಮೊದಲ ಕೆಲವು ತಿಂಗಳು ಆ ಲೀಗು ಆಡಿದರೆ ಮುಗಿಯಿತು, ಆಮೇಲೆ ಮೈದಾನಕ್ಕೆ ಬೀಗ. ಆಟಗಾರರು ಬೇರೆ ಕೆಲಸ ಹುಡುಕಿಕೊಳ್ಳಬೇಕು. ಅವನ ತಾಯಿ ಹುಡುಗಿಯಾಗಿದ್ದಾಗ ಒಂದು ಸಲ ಕ್ಲಬ್ಬಿನವರು ರಾಜ್ಯದ ಮೊದಲ ದರ್ಜೆಗೆ ಏರಿ, ರಾಜಧಾನಿಯ ದೊಡ್ಡ ಕ್ಲಬ್ಬೊಂದನ್ನು ತಮ್ಮ ಮೈದಾನದಲ್ಲೇ ಸೋಲಿಸಿದ್ದರು. ಎರಡೇ ವರ್ಷಕ್ಕೆ ಮತ್ತೆ ಇಳಿದರು. ಆವತ್ತಿನಿಂದ ಏರಿಲ್ಲ.

"ಹಾಗಾದ್ರೆ ಅವನು ನಕ್ಕಿದ್ದರಲ್ಲಿ ತಪ್ಪೇನಿದೆ?" ಎಂದು ಪಕ್ಕದಲ್ಲಿದ್ದ ಹೈದರಾಬಾದಿನ ಹುಡುಗಿ ಕೇಳಿದಳು. ಅವಳು ನೇರ ಮಾತಿನವಳು.

"ತಪ್ಪೇನೂ ಇಲ್ಲ," ಎಂದ ಗೋಲಿ. "ಅವನ ಕ್ಲಬ್ಬಿಗೆ ದೇಶದ ತುಂಬ ಅಭಿಮಾನಿಗಳಿದ್ದಾರೆ, ಒಬ್ಬ ಹೋದರೆ ಯಾರಿಗೂ ಗೊತ್ತಾಗಲ್ಲ. ನಮ್ಮಲ್ಲಿ ಅಮ್ಮ ಒಂದು ಮ್ಯಾಚಿಗೆ ಹೋಗದೇ ಇದ್ದರೆ ಸಾಯಂಕಾಲ ನಾಲ್ಕು ಜನ ಮನೆಗೆ ಬಂದು ಆರೋಗ್ಯ ವಿಚಾರಿಸ್ತಾರೆ."

ಆ ಅಮ್ಮನನ್ನು ನಾವು ಕೆಲವೇ ವಾರಗಳಲ್ಲಿ ವಿಡಿಯೋ ಕಾಲಿನಲ್ಲಿ ಕಂಡೆವು. ನಮ್ಮ ಜರ್ಸಿಯ ಫೋಟೋ ನೋಡಿ, ಆ ಮುಖಗಳನ್ನು ಮಾತಾಡಿಸಬೇಕು ಎಂದಿದ್ದರಂತೆ. ನಿವೃತ್ತ ಭೂಗೋಳದ ಟೀಚರ್, ಗಿಡ್ಡ ಬಿಳಿ ಕೂದಲು, ಕತ್ತಿಗೆ ನೇತುಹಾಕಿದ ಕನ್ನಡಕ. ಗೋಲಿ ನಡುವೆ ಕೂತು ಅನುವಾದ ಮಾಡುತ್ತಿದ್ದ. ಅವರ ಮೊದಲ ಪ್ರಶ್ನೆ ಮಂಡ್ಯದವನಿಗೆ: "ನಿಮ್ಮ ಕಬ್ಬಿಗೆ ಯಾವ ನದಿಯ ನೀರು?"

"ಕಾವೇರಿ. ನಾಲೆ ನೀರು," ಎಂದು ಅವನು ಮೈ ನೆಟ್ಟಗೆ ಮಾಡಿಕೊಂಡು ಉತ್ತರಿಸಿದ, ಕ್ಲಾಸಿನಲ್ಲಿ ಎದ್ದು ನಿಂತವನ ಹಾಗೆ.

ಅವರು ಎದ್ದುಹೋಗಿ ಒಂದು ಅಟ್ಲಾಸ್ ತಂದು, ಬೆರಳಿನಿಂದ ಕಾವೇರಿಯನ್ನು ಹುಡುಕಿ ನಮಗೆ ತೋರಿಸಿದರು. ಆಮೇಲೆ ಕ್ಲಬ್ಬಿನ ಮಾತು. ದೊಡ್ಡ ಕ್ಲಬ್ಬನ್ನು ಸೋಲಿಸಿದ ದಿನದ ಬಗ್ಗೆ ಹೇಳಿ ಎಂದು ಕೇಳಿದೆ. ಅವರು ಕೈ ಬೀಸಿ ಆ ಮಾತನ್ನು ತಳ್ಳಿಹಾಕಿದರು.

"ಅದನ್ನ ಎಲ್ಲರೂ ಹೇಳ್ತಾರೆ. ಆವತ್ತು ಮೈದಾನದಲ್ಲಿದ್ದೆ ಅನ್ನೋರನ್ನೆಲ್ಲಾ ಸೇರಿಸಿದರೆ ಮೂರು ಮೈದಾನ ಸಾಲಲ್ಲ. ನಾನು ಕುರ್ಚಿಯ ಕಥೆ ಹೇಳ್ತೀನಿ."

ಕಾರ್ಖಾನೆ ಕೈ ಬದಲಾಗಿ ಹೊಸ ಮಾಲೀಕರು ಬಂದಾಗ, ಮೈದಾನವನ್ನು ಕಬ್ಬಿನ ಲಾರಿ ನಿಲ್ಲಿಸುವ ಜಾಗ ಮಾಡಲು ಹೊರಟರಂತೆ. ಕ್ಲಬ್ ಆಗ ತೀರ ಕೆಳಗಿಳಿದಿತ್ತು. ಪಂದ್ಯಕ್ಕೆ ಬರುವವರೇ ಇರಲಿಲ್ಲ. ಒಂದು ಬೆಳಗ್ಗೆ ಲಾರಿಗಳು ಗೇಟಿನ ಮುಂದೆ ಬಂದು ನಿಂತಾಗ, ಪಕ್ಕದ ಬೀದಿಯ ಹೆಂಗಸರು ತಮ್ಮ ತಮ್ಮ ಅಡುಗೆಮನೆಯ ಕುರ್ಚಿ ಹೊತ್ತುಕೊಂಡು ಹೋಗಿ ಮೈದಾನದ ಮಧ್ಯೆ ಕೂತರು. ಇವರೂ ಕೂತರು. ಆಗ ಗೋಲಿ ಇನ್ನೂ ಕೈಗೂಸು.

"ಮಕ್ಕಳ ಉತ್ತರಪತ್ರಿಕೆ ತಿದ್ದೋದು ಬಾಕಿ ಇತ್ತು. ಅಲ್ಲೇ ಕೂತು ತಿದ್ದಿದೆ. ಆ ಸಲ ಎಲ್ಲರಿಗೂ ಒಳ್ಳೆ ಮಾರ್ಕ್ಸ್ ಬಂತು," ಎಂದು ನಕ್ಕರು. "ಮೊದಲ ದಿನ ನಾವು ಕೆಲವರೇ. ಎರಡನೇ ದಿನಕ್ಕೆ ಗಂಡಸರಿಗೆ ನಾಚಿಕೆ ಆಯ್ತು, ಅವರೂ ಬಂದರು. ವಾರದ ಕೊನೆಗೆ ಊರಿನ ಪಾದ್ರಿಗಳು ಅಲ್ಲೇ ಪೂಜೆ ಮಾಡಿದರು. ಲಾರಿಯೋರಿಗೂ ನಾವೇ ಕಾಫಿ ಕೊಟ್ವಿ, ಪಾಪ ಅವರೇನು ಮಾಡ್ತಾರೆ. ಕೊನೆಗೆ ಮಾಲೀಕರು ಬೇರೆ ಜಾಗ ನೋಡಿಕೊಂಡರು."

"ಆ ಕಾಲಕ್ಕೆ ತಂಡ ಸೋಲ್ತಾನೇ ಇತ್ತಲ್ವಾ ಅಮ್ಮ? ಅದಕ್ಕೋಸ್ಕರ ಯಾಕೆ ಅಷ್ಟು ಮಾಡಿದ್ರಿ?" ಎಂದೆ.

ಗೋಲಿ ಅನುವಾದಿಸಿದ. ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ನಿನಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಅವಳಿಗೆ ಮಾರ್ಕ್ಸ್ ಕಡಿಮೆ ಬಂದರೆ ಅವಳ ಹಾಸಿಗೆ ತೆಗೆದು ಲಾರಿ ನಿಲ್ಲಿಸ್ತೀಯಾ?"

ಫೋನ್ ಇಡುವ ಮುಂಚೆ ಮಗನ ಬಗ್ಗೆಯೂ ಒಂದು ಮಾತು ಹೇಳಿದರು. "ಇವನನ್ನ ಗೋಲಲ್ಲಿ ನಿಲ್ಲಿಸಿದೀರಂತೆ. ನಮ್ಮೂರ ಸ್ಕೂಲ್ ಟೀಮಲ್ಲೂ ಇವನಿಗೆ ಜಾಗ ಸಿಗಲಿಲ್ಲ. ನಿಮ್ಮ ಧೈರ್ಯ ದೊಡ್ಡದು." ಗೋಲಿ ಇದನ್ನು ಅನುವಾದಿಸಲು ಒಪ್ಪಲಿಲ್ಲ. ಅವನ ಹೆಂಡತಿ ಅನುವಾದಿಸಿದಳು.

ಆಮೇಲೆ ನನ್ನ ಭಾನುವಾರಗಳು ಬದಲಾದವು. ಬೆಳಗ್ಗೆ ನಮ್ಮ ಆಟ, ಮಧ್ಯಾಹ್ನ ಗೋಲಿಯ ಕ್ಲಬ್ಬಿನ ಆಟ. ಅಲ್ಲಿನ ಸಂಜೆಯ ಪಂದ್ಯ ನಮಗೆ ಊಟದ ಹೊತ್ತಿಗೆ ಬರುತ್ತದೆ. ಕ್ರಾಸ್‌ರೋಡ್ಸ್‌ನಲ್ಲಿ ಮಂಡ್ಯದವನ ಅಪಾರ್ಟ್‌ಮೆಂಟಿಗೆ ಒಂದು ಕ್ಲಬ್‌ಹೌಸ್ ಇದೆ. ಅಲ್ಲಿನ ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡುತ್ತಿದ್ದೆವು. ಒಂದೇ ಕ್ಯಾಮೆರಾ. ಚೆಂಡು ಆ ಕಡೆ ಹೋದರೆ ಕ್ಯಾಮೆರಾ ಹಿಡಿದವನು ತಡವಾಗಿ ಹಿಂಬಾಲಿಸುತ್ತಿದ್ದ. ಗೋಲಿನ ಹಿಂದೆ ಗ್ಯಾಲರಿ ಇರಬೇಕಾದ ಕಡೆ ಮಾವಿನಮರಗಳು. ನನ್ನ ಗಂಡ ಚಿತ್ರಾನ್ನ ಮಾಡಿ ತರುತ್ತಿದ್ದ, ಗೋಲಿಯ ಹೆಂಡತಿ ಚೀಸ್ ತುಂಬಿದ ಪುಟ್ಟ ಬನ್ನುಗಳನ್ನು. ಹತ್ತು ವರ್ಷದ ನನ್ನ ಮಗಳು ಹೋಮ್‌ವರ್ಕ್ ಹರಡಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ದಿನ ತಲೆಯೆತ್ತಿ, "ಅಮ್ಮ, ಆರ್ ದೇ ಎನಿ ಗುಡ್?" ಎಂದಳು.

"ಚೆನ್ನಾಗಿ ಆಡ್ತಾರೆ ಪುಟ್ಟಾ. ಇನ್ನೂ ಚೆನ್ನಾಗಿ ಆಡ್ತಾರೆ, ನೋಡ್ತಾ ಇರು."

ನಾನು ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಆಟ ನೋಡುವ ಕಣ್ಣು ನನಗಿದೆ. ಆ ವರ್ಷ ಅವರ ಡಿಫೆನ್ಸ್ ಕಲ್ಲಿನ ಹಾಗೆ ನಿಂತಿತ್ತು. ಗೋಲು ಹೊಡೆಯುವುದು ಕಡಿಮೆ, ಹೊಡೆಸಿಕೊಳ್ಳುವುದು ಇನ್ನೂ ಕಡಿಮೆ. ಇಂಥ ತಂಡ ನೋಡಲು ಚೆಂದವಿರುವುದಿಲ್ಲ, ಆದರೆ ಮೇಲೇರುತ್ತದೆ. ಗೋಲಿ ಇದನ್ನು ಬಾಯಿಬಿಟ್ಟು ಹೇಳಲು ಹೆದರುತ್ತಿದ್ದ. ನಾನು ಹೇಳಿದೆ, "ಈ ವರ್ಷ ಹತ್ತುತ್ತಾರೆ, ಬರೆದಿಟ್ಟುಕೋ." ಅವನು ತಕ್ಷಣ ಮೇಜಿನ ಮರ ಹುಡುಕಿ ಬೆರಳಿನಿಂದ ಮೂರು ಸಲ ತಟ್ಟಿದ. ದೃಷ್ಟಿ ತಾಗದಿರಲಿ ಎಂದು ಅವರಲ್ಲಿ ಹಾಗೆ ಮಾಡುತ್ತಾರೆ.

ಹಾಗೇ ಆಯಿತು. ತಂಡ ಸೆಮಿಫೈನಲ್ಲಿಗೆ ಬಂತು. ಸೆಮಿಫೈನಲ್ ಗೆದ್ದ ಎರಡೂ ತಂಡಗಳು ಮುಂದಿನ ವರ್ಷ ರಾಜ್ಯದ ಮೊದಲ ದರ್ಜೆಗೆ ಏರುತ್ತವೆ. ಅದು ಎರಡು ಪಂದ್ಯಗಳಲ್ಲಿ ನಡೆಯುತ್ತದೆ, ಒಂದು ಎದುರಾಳಿಗಳ ಊರಲ್ಲಿ, ಒಂದು ನಮ್ಮ ಊರಲ್ಲಿ. ನಮ್ಮ ಊರು ಎಂದು ಬರೆದುಬಿಟ್ಟೆ. ಇರಲಿ.

ಪರಸ್ಥಳದ ಪಂದ್ಯವನ್ನು ಒಂದು ಗೋಲಿನಿಂದ ಗೆದ್ದರು. ಕಾರ್ನರ್ ಕಿಕ್, ಡಿಫೆಂಡರನ ತಲೆ, ಅಷ್ಟೇ. ಎರಡನೆಯ ಪಂದ್ಯಕ್ಕೆ ಮುಂಚಿನ ಶನಿವಾರ ಆ ಊರಿನ ರೇಡಿಯೋದಿಂದ ಗೋಲಿಗೆ ಫೋನ್ ಬಂತು. ಅವನ ತಾಯಿ ನಮ್ಮ ಫೋಟೋವನ್ನು ಊರಿಗೆಲ್ಲ ತೋರಿಸಿದ್ದರಂತೆ, ಅಮೆರಿಕದಲ್ಲಿ ನಮ್ಮ ಜರ್ಸಿ ಹಾಕಿ ಆಡುವ ಇಂಡಿಯನ್ನರನ್ನು ಮಾತಾಡಿಸಬೇಕೆಂದು ನಿರೂಪಕನ ಆಸೆ. ನಾನು ಗೋಲಿಯಿಂದ ಕಲಿತ ಮೂರು ವಾಕ್ಯಗಳನ್ನು ಪೋರ್ಚುಗೀಸಿನಲ್ಲಿ ಹೇಳಿದೆ. ತಪ್ಪಿಲ್ಲದೆ ಹೇಳಿದೆ ಎಂದು ಇಂದಿಗೂ ನನ್ನ ನಂಬಿಕೆ. ಆಮೇಲೆ ಮಂಡ್ಯದವನ ಸರದಿ. ಅವನೂ ಮೂರು ವಾಕ್ಯ ಕಲಿತಿದ್ದ. ಆದರೆ ಆ ಕಡೆಯ ದನಿ ಕೇಳಿದ ಕೂಡಲೇ ಎಲ್ಲ ಮರೆತು ಕನ್ನಡದಲ್ಲೇ ಶುರುಮಾಡಿದ.

"ನಾವೂ ಕಬ್ಬಿನ್ ನಾಡೋರೇ ಕಣಪ್ಪಾ. ನೀವೇನೂ ಹೆದ್ರುಕೊಬ್ಯಾಡಿ. ಗಟ್ಟಿಯಾಗಿ ಆಡಿ. ಗೆದ್ದೇ ಗೆಲ್ತೀರಿ, ನಾನ್ ಹೇಳ್ತಾ ಇವ್ನಿ."

ನಿರೂಪಕನಿಗೆ ಒಂದಕ್ಷರ ಅರ್ಥವಾಗಿರಲಾರದು. ಆದರೆ ಆ ದನಿಯಲ್ಲಿದ್ದ ಭರವಸೆ ಅರ್ಥವಾಗಿರಬೇಕು. ಅದನ್ನು ಶನಿವಾರವೆಲ್ಲ ಮತ್ತೆ ಮತ್ತೆ ಹಾಕಿದರಂತೆ. ಮಾರುಕಟ್ಟೆಯಲ್ಲಿ ತರಕಾರಿ ಮಾರುವವರು 'ಕಣಪ್ಪಾ' ಎಂದು ಕೂಗಿಕೊಳ್ಳುತ್ತಿದ್ದಾರೆ, ಹಾಗೆಂದರೆ ಏನು ಎಂದು ಗೋಲಿಯ ತಾಯಿ ಸಂಜೆ ಫೋನ್ ಮಾಡಿ ಕೇಳಿದರು. ಅದನ್ನು ವಿವರಿಸಲು ನಮ್ಮಿಂದ ಆಗಲಿಲ್ಲ.

ಭಾನುವಾರ ಕ್ಲಬ್‌ಹೌಸ್ ತುಂಬಿತ್ತು. ನಮ್ಮ ತಂಡ, ಮನೆಯವರು, ಗೋಲಿಗೆ ಗೊತ್ತಿದ್ದ ಇಬ್ಬರು ಮೂವರು ಬ್ರೆಜಿಲಿಯನ್ನರು. ಅಂದು ನಕ್ಕಿದ್ದ ಸಾವೊ ಪೌಲೊ ನಗರದವನೂ ಬಂದಿದ್ದ. ಗೋಲಿಯೇ ಕರೆದಿದ್ದ. "ಸೋಲೋದನ್ನ ನೋಡೋಕೆ ಬಂದೆ," ಎಂದು ನಗುತ್ತಲೇ ಹೇಳಿ, ಒಂದು ತಟ್ಟೆ ಚಿತ್ರಾನ್ನ ಹಾಕಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತ.

ಅಷ್ಟು ನೀರಸವಾದ ಆಟವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಡ್ರಾ ಆದರೂ ಸಾಕು ಎಂದು ನಮ್ಮವರಿಗೆ ಗೊತ್ತಿತ್ತು. ಚೆಂಡು ಸಿಕ್ಕಿದರೆ ಮಾವಿನಮರದ ಕಡೆಗೆ ಒದೆಯುವುದು, ಮತ್ತೆ ಬಂದು ಸಾಲಾಗಿ ನಿಲ್ಲುವುದು. ಎದುರಾಳಿಗಳು ಬಂದು ಬಂದು ಗೋಡೆಗೆ ಡಿಕ್ಕಿ ಹೊಡೆದು ಹಿಂದಿರುಗುತ್ತಿದ್ದರು. ಮೊದಲರ್ಧ ಮುಗಿಯುವ ಹೊತ್ತಿಗೆ ಹೈದರಾಬಾದಿನ ಹುಡುಗಿ ಉಗುರು ಕಚ್ಚತೊಡಗಿದ್ದಳು. ಎರಡನೆಯ ಅರ್ಧದಲ್ಲಿ ನಗರದವನೂ ಚಿತ್ರಾನ್ನದ ತಟ್ಟೆ ಕೆಳಗಿಟ್ಟು ಮುಂದಕ್ಕೆ ಬಗ್ಗಿದ. ನಾನು ಮಾತ್ರ ಪ್ರತಿ ಸಲವೂ, "ಬಿಡ್ರೋ, ಏನಾಗಲ್ಲ, ಜಾಗ ಬಿಟ್ಟು ಕದಲ್ತಾ ಇಲ್ಲ ನೋಡಿ," ಎನ್ನುತ್ತಿದ್ದೆ.

ಆಟ ಮುಗಿಯಲು ಇನ್ನೇನು ಕೆಲವೇ ನಿಮಿಷ ಇದ್ದಾಗ ಎದುರಾಳಿಗಳಿಗೆ ನಮ್ಮ ಗೋಲಿನ ಹತ್ತಿರವೇ ಫ್ರೀ ಕಿಕ್ ಸಿಕ್ಕಿತು. ಅವರ ಆಟಗಾರ ಚೆಂಡನ್ನಿಟ್ಟು ಹಿಂದಕ್ಕೆ ಹೆಜ್ಜೆ ಹಾಕಿದ. ಓಡಿಬಂದ. ಚಿತ್ರ ಅಲ್ಲಿಗೇ ನಿಂತುಹೋಯಿತು.

ಯಾರೋ ಲ್ಯಾಪ್‌ಟಾಪಿನ ಮೇಲೆ ಬಿದ್ದರು. ಯಾರೋ ವೈಫೈಗೆ ಬೈದರು. ಟಿವಿಯಲ್ಲಿ ಆ ಆಟಗಾರ ಒಂದು ಕಾಲು ಗಾಳಿಯಲ್ಲಿ ಎತ್ತಿಕೊಂಡು ಹಾಗೇ ನಿಂತಿದ್ದ. ಗೋಲಿ ತಾಯಿಗೆ ಕಾಲ್ ಮಾಡಿ ಸ್ಪೀಕರ್ ಹಾಕಿದ. ಅವರು ಫೋನ್ ಎತ್ತಿದರು, ಆದರೆ ಮಾತಾಡಲಿಲ್ಲ. ಕೈಯಲ್ಲಿ ಎತ್ತಿ ಹಿಡಿದಿದ್ದರೋ ಏನೋ. ಬರೀ ಜನರ ಗದ್ದಲ, ಡೋಲಿನ ಸದ್ದು, ಯಾವುದೋ ಹೆಂಗಸಿನ ಪ್ರಾರ್ಥನೆ. ಫ್ರೀ ಕಿಕ್ ಏನಾಯಿತೋ ತಿಳಿಯಲಿಲ್ಲ. ಗೋಲಾಗಿದ್ದರೆ ಡೋಲು ನಿಲ್ಲುತ್ತಿತ್ತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಡೋಲು ನಿಂತಿರಲಿಲ್ಲ. ನಾವೆಲ್ಲ ಮೇಜಿನ ಮೇಲಿನ ಆ ಪುಟ್ಟ ಫೋನಿನ ಸುತ್ತ ತಲೆ ಬಗ್ಗಿಸಿ ನಿಂತಿದ್ದೆವು.

ಆಮೇಲೆ ಒಂದೇ ಸಲಕ್ಕೆ ಒಂದು ಶಬ್ದ ಬಂತು. ಫೋನು ಒಡೆದುಹೋಗುವಂಥ ಶಬ್ದ. ಅದರೊಳಗಿಂದ ಗೋಲಿಯ ತಾಯಿಯ ಕೂಗು. ಗೋಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುರ್ಚಿಯ ಮೇಲೆ ಕುಸಿದು ಅಳತೊಡಗಿದ.

"ಏನಂತೆ? ಗೆದ್ರಾ ಸೋತ್ರಾ? ಹೇಳಪ್ಪಾ!" ಎಂದು ಮಂಡ್ಯದವನು ಅವನ ಭುಜ ಹಿಡಿದು ಅಲ್ಲಾಡಿಸಿದ. ಗೋಲಿ ಅಳುತ್ತಲೇ ಇದ್ದ.

ಹಿಂದಿನ ಸಾಲಿನಿಂದ ನಗರದವನು ಎದ್ದು ಬಂದ. "ಮುಗೀತು," ಎಂದು ಇಂಗ್ಲಿಷಿನಲ್ಲಿ ನಮಗೆಲ್ಲ ಹೇಳಿದ. "ಸೊನ್ನೆ-ಸೊನ್ನೆ. ಹತ್ತಿಬಿಟ್ಟರು." ಆಮೇಲೆ ಬಗ್ಗಿ ಗೋಲಿಯ ತಲೆಗೆ ಮುತ್ತು ಕೊಟ್ಟ.

ಮಂಡ್ಯದವನು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಕೆಳಗಿಳಿಸಿದ. ನನ್ನ ಗಂಡ ಫುಟ್‌ಬಾಲ್ ಎಂದರೆ ಮುಖ ತಿರುಗಿಸುವವನು, ಯಾರೋ ಅಪರಿಚಿತ ಬ್ರೆಜಿಲಿಯನ್ನನನ್ನು ತಬ್ಬಿಕೊಂಡು ನಿಂತಿದ್ದ. ನನಗೆ ಅಳು ಬರಲಿಲ್ಲ. ಗೆಲ್ಲುತ್ತೇವೆ ಎಂದು ತಿಂಗಳುಗಳಿಂದ ಹೇಳುತ್ತಿದ್ದವಳು ನಾನು, ಅಳುವುದೇಕೆ? ಆದರೆ ಫೋನಿನಲ್ಲಿ ಆ ತಾಯಿ ನನ್ನ ಹೆಸರು ಕೂಗಿ ಕರೆದಾಗ, ಅದನ್ನು ತಮ್ಮದೇ ರೀತಿಯಲ್ಲಿ ಎಳೆದು ಎಳೆದು ಹೇಳಿದಾಗ, ನಾನು ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು "ಅಮ್ಮಾ!" ಎಂದು ಕೂಗಿದೆ. ಬಾಲ್ಯದಿಂದ ನಾನು ಎಷ್ಟೋ ದೊಡ್ಡ ತಂಡಗಳಿಗಾಗಿ ಕೂಗಿದ್ದೇನೆ. ಕಪ್ ಗೆದ್ದ ದಿನ ಅವರ ಮೈದಾನದಿಂದ ಯಾರೂ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಮುಂದಿನ ವರ್ಷ ಲೀಗಿನ ವೇಳಾಪಟ್ಟಿ ಬಂದಾಗ, ನಗರದವನ ದೊಡ್ಡ ಕ್ಲಬ್ಬು ನಮ್ಮ ಮೈದಾನಕ್ಕೇ ಬಂದು ಆಡಬೇಕಿತ್ತು. ಗೋಲಿ ರಜೆ ಹಾಕಿ ಊರಿಗೆ ಹಾರಿದ. ಪಂದ್ಯದ ದಿನ ಅವನೂ ಅವನ ತಾಯಿಯೂ ಗ್ಯಾಲರಿಯಿಂದ ನಮಗೆ ಫೋಟೋ ಕಳಿಸುತ್ತಲೇ ಇದ್ದರು. ಮಾವಿನಮರಗಳ ಕೊಂಬೆಗಳ ಮೇಲೂ ಜನ. ಈ ಸಲ ಟಿವಿಯವರು ಹಲವು ಕ್ಯಾಮೆರಾ ತಂದಿದ್ದರು. ಚಿತ್ರ ಎಲ್ಲೂ ನಿಲ್ಲಲಿಲ್ಲ, ಎಲ್ಲವನ್ನೂ ಸ್ಪಷ್ಟವಾಗಿ ನೋಡಿದೆವು. ಮೂರು-ಸೊನ್ನೆಯಿಂದ ಸೋತೆವು.

ನಮ್ಮ ಜೊತೆ ಕೂತು ನೋಡುತ್ತಿದ್ದ ನಗರದವನು ಆಟ ಮುಗಿದ ಕೂಡಲೇ ಗೋಲಿಗೆ ಕಾಲ್ ಮಾಡಿ, ನಮಗೂ ಕೇಳಲೆಂದು ಸ್ಪೀಕರ್ ಹಾಕಿ, "ಹೇಗಿತ್ತು?" ಎಂದು ಕೆಣಕಿದ.

"ಚೆನ್ನಾಗಿತ್ತು," ಎಂದ ಗೋಲಿ. ಹಿಂದೆ ಜನ ಹಾಡುತ್ತಿದ್ದರು, ಅವನು ಕೂಗಿಕೊಂಡೇ ಮಾತಾಡಬೇಕಾಗಿತ್ತು. "ನಿಮ್ಮವರು ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದು, ನಮ್ಮ ಹಳೇ ಡ್ರೆಸ್ಸಿಂಗ್ ರೂಮಿನಲ್ಲಿ ತಣ್ಣೀರು ಸ್ನಾನ ಮಾಡಿ ಹೋದ್ರು. ಬಿಸಿನೀರು ಬರ್ತಾ ಇಲ್ಲ ಅಂತ ಅಮ್ಮ ಕ್ಲಬ್ಬಿನವರಿಗೆ ಮೊದಲೇ ಹೇಳಿದ್ದರು. ಅವರ ಮಾತು ಯಾರು ಕೇಳ್ತಾರೆ?"

ನಗರದವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾವೂ ನಕ್ಕೆವು.

ಆ ವರ್ಷ ತಂಡ ಕೆಳಗಿಳಿಯಲಿಲ್ಲ. ಪಟ್ಟಿಯ ಕೊನೆಯ ಭಾಗದಲ್ಲಿ ಹೇಗೋ ಕಾಲೂರಿ ನಿಂತಿತು. ಕಳೆದ ತಿಂಗಳು ನಗರದವನು ತನ್ನ ತಂಡ ಬಿಟ್ಟು ನಮ್ಮ ತಂಡಕ್ಕೆ ಬರುತ್ತೇನೆ ಎಂದ. ಒಳ್ಳೆಯ ಫಾರ್ವರ್ಡ್ ಅವನು, ಕಾಲಲ್ಲಿ ವೇಗವಿದೆ. ಜರ್ಸಿ ಮಾತ್ರ ಕಂದು ಬಣ್ಣದ್ದೇ ಹಾಕಬೇಕು ಎಂದೆ. ಅವನು ಮುಖ ಹುಳ್ಳಗೆ ಮಾಡಿಕೊಂಡು, ಒಳಗಡೆ ತನ್ನ ಕ್ಲಬ್ಬಿನ ಬನಿಯನ್ ಹಾಕಿಕೊಳ್ಳಬಹುದೇ ಎಂದು ಕೇಳಿದ.

"ಒಳಗೆ ಏನು ಬೇಕಾದ್ರೂ ಹಾಕ್ಕೋ," ಎಂದೆ. "ಭಾನುವಾರ ಬೆಳಗ್ಗೆ ಟೈಮಿಗೆ ಸರಿಯಾಗಿ ಬಾ, ವಾರ್ಮ್ ಅಪ್ ತಪ್ಪಿಸೋ ಹಾಗಿಲ್ಲ."